ಎಡದವನ ಜಾಗ

ಕ್ಯಾಮೆರಾ ಕೆಟ್ಟರೆ ಒಂದೇ ಕಡೆಗೆ ಕೆಡುತ್ತದೆ. ಫೋಕಸ್ ಮುಂದಕ್ಕೆ ಬೀಳಿಸುವ ಕ್ಯಾಮೆರಾ ಯಾವಾಗಲೂ ಮುಂದಕ್ಕೇ ಬೀಳಿಸುತ್ತದೆ, ಹಿಂದಕ್ಕೆ ಬೀಳಿಸುವುದು ಹಿಂದಕ್ಕೇ. ಹಿಂದೆ ಬೀಳುವ ಗೋಡೆ ಗಡಿಯಾರ ದಿನವೂ ಹಿಂದೆ ಬೀಳುವ ಹಾಗೆ. ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುವವಳು ನಾನು, ತಿಳಿದೇ ಹೇಳುತ್ತಿದ್ದೇನೆ. ಈ ನಿಯಮ ನನ್ನ ಕಣ್ಣೆದುರು ಮುರಿದದ್ದು ಒಂದೇ ಬೇಸಿಗೆಯಲ್ಲಿ. ಅದೂ ಮಟಮಟ ಮಧ್ಯಾಹ್ನ, ನಮ್ಮದೇ ಹೊಲದ ದಾರಿಯಲ್ಲಿ.

ನಮ್ಮ ಊರು ಶಹಾಪುರಕ್ಕೂ ಸುರಪುರಕ್ಕೂ ನಡುವೆ, ಕಾಲುವೆಯ ಪಕ್ಕದಲ್ಲಿದೆ. ನಮ್ಮ ಮನೆತನದಲ್ಲಿ ಡಿಗ್ರಿ ಹಿಡಿದವಳು ನಾನೇ ಮೊದಲು. ಹೇಳಿಕೊಳ್ಳಲು ಸಂಕೋಚವಿಲ್ಲ, ಪುಕ್ಕಟೆ ಸಿಕ್ಕದ್ದಲ್ಲ ಅದು. ಹತ್ತನೆಯವರೆಗೆ ಕನ್ನಡದಲ್ಲಿ ಓದಿ, ಯಾದಗಿರಿಯ ಹಾಸ್ಟೆಲ್ ಸೇರಿ ಸೈನ್ಸ್ ತೆಗೆದುಕೊಂಡಾಗ ಇಂಗ್ಲಿಷಿನ ಪಾಠವೆಲ್ಲ ತಲೆಯ ಮೇಲಿಂದ ಹಾದುಹೋಯಿತು. ಗಣಿತದಲ್ಲಿ ಫೇಲಾದೆ. ಊರಿಗೆ ಬಂದರೆ ಓಣಿಯ ಹೆಂಗಸರು ಸುಮ್ಮನಿರುತ್ತಾರೆಯೇ?

"ಯಾಕವ್ವಾ, ನೆಲ್ಲಿನ ಗದ್ಯಾಗ ಕಳಿ ತೆಗ್ಯಾಕ ಮಂದಿ ಸಾಲವಲ್ರು ಅಂತ ಸಾಲಿಯವರು ನಿನ್ನ ವಾಪಸ್ ಕಳಿಸ್ಯಾರೇನು?"

ಅವ್ವ ಅಂಗಳ ಸಾರಿಸುತ್ತಿದ್ದವಳು ತಲೆ ಎತ್ತದೆಯೇ ಹೇಳಿದಳು: "ನಿಮ್ಮ ಗದ್ದಿ ಕಳಿ ನಾನಾ ತೆಗೀತೇನಿ ಬಿಡ್ರೆವ್ವಾ. ಆಕಿ ಮತ್ತ ಹೋಗ್ತಾಳ."

ಮತ್ತೆ ಹೋದೆ. ಅರ್ಥವಾಗದ ಮಾತನ್ನು ಅರ್ಥವಾಗುವ ತನಕ ಓದಿದೆ. ಬಿಎಸ್ಸಿ ಮುಗಿಸಿ, ಕಲಬುರಗಿಯಲ್ಲಿ ಎಂಎಸ್ಸಿ ಮಾಡಿ, ಶಹಾಪುರದ ಒಂದು ಕಾಲೇಜಿನಲ್ಲಿ ಬೋರ್ಡಿನ ಮುಂದೆ ನಿಂತೆ. ಕೆಲಸ ಸಿಕ್ಕಮೇಲೆ ನನಗಾಗಿ ಕೊಂಡದ್ದು ಒಂದೇ, ಯಾದಗಿರಿಯ ಮದುವೆ ಫೋಟೋಗ್ರಾಫರೊಬ್ಬರು ವಾಪರಿಸಿ ಬಿಟ್ಟ ಕ್ಯಾಮೆರಾ. ಬೆಳಕಿನ ಪಾಠ ಹೇಳುವವಳ ಕೈಯಲ್ಲಿ ಒಂದು ಒಳ್ಳೆಯ ಲೆನ್ಸ್ ಇರಲಿ ಎಂಬ ಆಸೆ ಇತ್ತು.

ಅಪ್ಪ ಆಯುಷ್ಯವಿಡೀ ಬೇರೆಯವರ ಎತ್ತು ಹೊಡೆದವನು. ನನಗೆ ನೌಕರಿಯಾದ ಮೇಲೆ ಅವನು ಮಾಡಿಕೊಂಡದ್ದೂ ಒಂದೇ, ಸ್ವಂತದ ಒಂದು ಜೋಡೆತ್ತು. ಎರಡೂ ಬಿಳಿ, ಎರಡೂ ಒಂದೇ ಎತ್ತರ. ಅವಕ್ಕೆ ಹೆಸರಿಡಲಿಲ್ಲ. ನೊಗದ ಎಡಕ್ಕೆ ಹೂಡುವುದು ಎಡದಾಂವ, ಬಲಕ್ಕೆ ಹೂಡುವುದು ಬಲದಾಂವ. ಎತ್ತು ಒಮ್ಮೆ ಒಂದು ಪಕ್ಕಕ್ಕೆ ರೂಢಿಯಾಯಿತೆಂದರೆ ಸಾಯುವ ತನಕ ಅದೇ ಪಕ್ಕ. ಬರಿಮೈಯಲ್ಲಿ ನೀರಿಗೆ ಹೋಗುವಾಗಲೂ ನಮ್ಮವು ಹಾಗೇ ಹೋಗುತ್ತಿದ್ದವು, ನಡುವೆ ನೊಗದಷ್ಟೇ ಅಂತರ ಬಿಟ್ಟು.

ಆ ಬೇಸಿಗೆಗೆ ಮುಂಚಿನ ಚಳಿಗಾಲ, ಕಾಲುವೆ ತುಂಬಿ ಹರಿಯುತ್ತಿದ್ದ ದಿನಗಳಲ್ಲಿ, ಸೇತುವೆಯ ಹತ್ತಿರ ನೀರು ಕುಡಿಸಲು ಇಳಿಸಿದಾಗ ಎಡದವನು ಪಾಚಿಯ ಮೇಲೆ ಜಾರಿದ. ಕಾಲುವೆಯ ಬದಿ ಹಾಸುಗಲ್ಲಿನದು, ಇಳಿಜಾರು. ಬಿದ್ದ ದನಕ್ಕೆ ಕಾಲೂರಲು ಎಲ್ಲಿಯೂ ಹಿಡಿ ಸಿಗುವುದಿಲ್ಲ. ಅಪ್ಪ ದಂಡೆಯ ಮೇಲೆ ಓಡಿದನಂತೆ. ಕೊಂಬು ಸೇತುವೆಯ ಕೆಳಗೆ ಹೋದದ್ದು ಕಂಡಿತಂತೆ. ಆಚೆ ಬದಿಯಿಂದ ಹೊರಬಂದದ್ದು ಕಾಣಲಿಲ್ಲವಂತೆ. ಕಾಲುವೆಯ ಮುಂದಿನ ಗೇಟಿನ ತನಕ ಹುಡುಕಿದರು, ಸಿಗಲಿಲ್ಲ. ಬೇಸಿಗೆಗೆ ನೀರು ನಿಲ್ಲಿಸಿದ ಮೇಲೆ ಅಪ್ಪ ಒಣ ಕಾಲುವೆಗೆ ಇಳಿದು ನಡೆದು ನೋಡಿದ. ಹರಿದ ಟೈರು, ಒಡೆದ ಕೊಡ, ಯಾರದೋ ಚಪ್ಪಲಿ ಇದ್ದವು. ಎಲುಬು ಒಂದೂ ಇರಲಿಲ್ಲ.

ಒಂಟಿ ಎತ್ತು ಹೊಲಕ್ಕೆ ಬಾರದು. ಬಣವೆಯಲ್ಲಿ ಜೋಳದ ಕಣಿಕೆ ಮೇವು ತಳ ಕಾಣುತ್ತಿತ್ತು. ಊರೂರು ತಿರುಗಿ ದನ ಕೊಳ್ಳುವ ವ್ಯಾಪಾರಿಯೊಬ್ಬ ವಾರಕ್ಕೊಮ್ಮೆ ಟೆಂಪೋ ನಿಲ್ಲಿಸಿ, "ಏನ ಮಾಡ್ತೀರಿ ಯಜಮಾನ್ರ ಇದನ್ನ?" ಎಂದು ಕೇಳಿ ಹೋಗುತ್ತಿದ್ದ. ಅವನ ಟೆಂಪೋ ಹತ್ತಿದ ಎತ್ತು ಮತ್ತೆ ನೊಗ ಕಾಣುವುದಿಲ್ಲವೆಂದು ಎಲ್ಲರಿಗೂ ಗೊತ್ತು. ಅಪ್ಪ, "ಮಿರಗದ ಮಳಿತನಾ ನೋಡ್ತೇನಿ" ಎಂದಿದ್ದ. ಮಿರಗ, ಅಂದರೆ ಮೃಗಶಿರಾ ಮಳೆ, ದೂರವಿರಲಿಲ್ಲ.

ಆಗ ನನ್ನ ಸೋದರಮಾವ ಕೊಳ್ಳುವವರೊಬ್ಬರನ್ನು ಹುಡುಕಿಕೊಟ್ಟ. ಕಕ್ಕೇರಾ ಕಡೆಯ ರೈತರು. ಅವರದೂ ಒಂಟಿ ಎತ್ತು, ಅದು ಎಡದ್ದು. ಅವರಿಗೆ ಬೇಕಾದದ್ದು ಬಲದ್ದು. ಹಾಸಿಗೆಗೆ ಸರಿಯಾಗಿ ಹೊದಿಕೆ ಸಿಕ್ಕಂತಾಯಿತು ಎಂದುಕೊಂಡೆವು. ಅಷ್ಟರಲ್ಲಿ ಅವರು ನನಗೇ ಫೋನ್ ಮಾಡಿದರು.

"ನೋಡು ತಂಗಿ, ನಿಮ್ಮಪ್ಪ ಸುಳ್ಳ ಹೇಳ್ತಾನ ಅಂತ ನಾ ಅನ್ನಂಗಿಲ್ಲ. ಆದ್ರ ಅವತ್ತ ಕೆನಾಲ ಕಲ್ಲಿನ ಮ್ಯಾಲ ಇದೂ ಜಾರ್ಯಾದ, ಓಡೂಮುಂದ ಮುಂಗಾಲು ಎಳೀತದ ಅಂತ ಮಂದಿ ಅಂತಾರ. ನಿಮ್ಮ ಮಾವ ವಿಡಿಯೋ ಕಳಿಸ್ಯಾನ. ಅದರಾಗ ಎತ್ತೆಲ್ಲದ? ಬರೇ ಧೂಳದ. ಓಡೂಮುಂದ ಕಾಲು ಹ್ಯಾಂಗ ಇಡ್ತದ, ಸಾಫ್ ಕಾಣೂಹಂಗ ಒಂದು ಫೋಟೋ ಕಳಸು. ಕಾಲು ಬರಾಬರ್ ಇದ್ರ ನಾನಾ ಬಂದು ಹೊಡಕೊಂಡು ಹೋಗ್ತೇನಿ."

"ಫಿಕರ್ ಬ್ಯಾಡ್ರಿ ಕಾಕಾ," ಎಂದೆ. "ಕಾಲಿನ ಕೂದಲು ಎಣಸೂಹಂಗ ತೆಗದು ಕಳಸ್ತೇನಿ."

ಅಷ್ಟು ಧೈರ್ಯ ನನಗಿತ್ತು. ಓಡುವುದನ್ನು ಹಿಡಿಯುವ ವಿದ್ಯೆಯನ್ನು ನಾನು ಪರೀಕ್ಷೆಗೆ ಓದಿದ ಹಾಗೆ ಓದಿದ್ದೆ. ನಿಂತ ವಸ್ತುವಿಗೆ ಕ್ಯಾಮೆರಾ ಒಮ್ಮೆ ಫೋಕಸ್ ಹಿಡಿದು ಸುಮ್ಮನಾಗುತ್ತದೆ. ಓಡುವುದಕ್ಕೆ ಅಷ್ಟು ಸಾಲದು. ಬಟನ್ ಅರ್ಧ ಒತ್ತಿ ಹಿಡಿದರೆ ಅದು ಓಡುವವನ ಬೆನ್ನು ಹತ್ತಬೇಕು, ಈಗ ಎಲ್ಲಿದ್ದಾನೆ ಎಂದಷ್ಟೇ ಅಲ್ಲ, ಶಟರ್ ಪರದೆ ತೆರೆಯುವ ಹೊತ್ತಿಗೆ ಎಲ್ಲಿರುತ್ತಾನೆ ಎಂಬ ಲೆಕ್ಕವನ್ನೂ ಹಾಕಬೇಕು. ಹಾಗೆ ಬೆನ್ನು ಹತ್ತುವ ಆಟೋಫೋಕಸ್ ನನ್ನ ಕ್ಯಾಮೆರಾದಲ್ಲಿತ್ತು. ಉದ್ದ ಲೆನ್ಸನ್ನು ಪೂರಾ ತೆರೆದಿಟ್ಟರೆ ಸ್ಪಷ್ಟವಾಗಿ ಕಾಣುವ ಜಾಗ ಒಂದು ತೆಳ್ಳನೆಯ ಪಟ್ಟಿ ಮಾತ್ರ. ಆ ಪಟ್ಟಿಯನ್ನು ಎತ್ತಿನ ಮೈಮೇಲೆ ಕೂರಿಸುವುದೇ ಕ್ಯಾಮೆರಾದ ಕೆಲಸ.

ಮೊದಲನೆಯ ದಿನ, ಕಾಲುವೆ ಸೇತುವೆಯಿಂದ ನಮ್ಮ ಹೊಲದ ಬದುವಿನ ತನಕ ಇರುವ ಬಂಡಿದಾರಿಯಲ್ಲಿ ಅಪ್ಪ ಎತ್ತನ್ನು ಓಡಿಸಿಕೊಂಡು ಬಂದ. ನಾನು ದಾರಿಯ ಪಕ್ಕ, ಎತ್ತಿನ ಎಡಮಗ್ಗುಲು ಕಾಣುವ ಹಾಗೆ, ಕುಕ್ಕರುಗಾಲಿನಲ್ಲಿ ಕುಳಿತಿದ್ದೆ. ಅವ್ವ ಬುತ್ತಿ ತಂದವಳು ಬೇವಿನ ಗಿಡದ ಕೆಳಗೆ ನಿಂತಿದ್ದಳು. ನಡುಗಂಬದಂತೆ ನೆಟ್ಟಗೆ ಬೀಳುವ ಬಿಸಿಲು. ಗಾಳಿ ಇರಲಿಲ್ಲ.

ಎತ್ತು ಚೆನ್ನಾಗಿಯೇ ಓಡಿತು. ಅಪ್ಪ ಹಿಂದಿನಿಂದ ಬಾರುಕೋಲು ಎತ್ತಿ ಕೂಗುತ್ತಿದ್ದ: "ಹೋ ಹೋ! ಬಲದಾಂವಾ, ಹಿಡಿ! ಏ ಎಡದಾಂವಾ, ಸರದ ನಡಿ!"

ಎತ್ತು ನಿಂತಮೇಲೆ ಅವ್ವ ಕೇಳಿದಳು, "ಯಾರಿಗನ್ನಾಕತ್ತಿದ್ದಿ?"

"ಏನಂದೆ?"

"ಎಡದಾಂವಾ ಸರದ ನಡಿ ಅಂದಿ."

ಅಪ್ಪ ಟವಲಿನಿಂದ ಮುಖ ಒರೆಸಿಕೊಂಡ. "ಬಾಯಿ ರೂಢಿ," ಎಂದ.

ಮನೆಗೆ ಬಂದು ಫೋಟೋ ದೊಡ್ಡದು ಮಾಡಿ ನೋಡಿದೆ. ಒಂದರಲ್ಲೂ ಎತ್ತು ಸ್ಪಷ್ಟವಿರಲಿಲ್ಲ. ಓಟದ ಮಸುಕು ಬೇರೆ, ಫೋಕಸ್ ತಪ್ಪಿದ ಮಸುಕು ಬೇರೆ. ಓಟದ ಮಸುಕು ಓಡಿದ ದಿಕ್ಕಿಗೆ ಎಳೆದ ಗೆರೆಯಂತಿರುತ್ತದೆ. ಫೋಕಸ್ ತಪ್ಪಿದ್ದು ಒದ್ದೆ ಬಟ್ಟೆಯ ಹಿಂದೆ ನಿಂತವರ ಹಾಗೆ, ಎಲ್ಲ ಕಡೆಗೂ ಸಮ ಮಸುಕು. ಇದು ಎರಡನೆಯದು. ಸ್ಪಷ್ಟವಿದ್ದದ್ದು ನನಗೂ ಎತ್ತಿಗೂ ನಡುವಿನ ಖಾಲಿ ನೆಲ. ಅಲ್ಲಿನ ಒಂದೊಂದು ಹರಳೂ ಕೆತ್ತಿಟ್ಟಂತೆ ಕಾಣುತ್ತಿತ್ತು. ಆ ನೆಲದ ಮೇಲೆ ಸ್ವಲ್ಪ ಮಣ್ಣು ಎದ್ದು ಗಾಳಿಯಲ್ಲಿ ನಿಂತಿತ್ತು. ಎತ್ತಿನ ಗೊರಸು ಅದಕ್ಕಿಂತ ಆಚೆಗಿತ್ತು.

ಫೋಕಸ್ ಮುಂದಕ್ಕೆ ಬೀಳುತ್ತಿದೆ, ಹಳೆಯ ಕ್ಯಾಮೆರಾ, ಎಂದುಕೊಂಡೆ. ಪರೀಕ್ಷಿಸದೆ ತೀರ್ಮಾನ ಹೇಳುವವಳಲ್ಲ ನಾನು. ಕಾಲೇಜಿನ ಮೈದಾನದಲ್ಲಿ ಹುಡುಗಿಯರು ಖೋಖೋ ಆಡುವುದನ್ನು ತೆಗೆದೆ. ಕಂಬ ಸುತ್ತುವವಳ ಜಡೆಯ ಎಳೆ ಎಳೆ ಬಂತು. ಶಹಾಪುರದ ರಸ್ತೆಯಲ್ಲಿ ಬೈಕುಗಳನ್ನು ತೆಗೆದೆ, ನಂಬರ್ ಪ್ಲೇಟಿನ ಮೊಳೆಗಳು ಬಂದವು. ಶಿರವಾಳದ ಹಳೆಯ ಗುಡಿಗಳಿಂದ ಪಾರಿವಾಳಗಳು ಒಮ್ಮೆಲೇ ಎದ್ದಾಗ ತೆಗೆದೆ, ರೆಕ್ಕೆಯ ಗರಿ ಬಂತು. ಎಲ್ಲವೂ ಸರಿ.

ಆದರೂ ಮನಸ್ಸು ತಡೆಯದೆ ಯಾದಗಿರಿಗೆ ಹೋಗಿ, ಕ್ಯಾಮೆರಾ ಕೊಟ್ಟ ಫೋಟೋಗ್ರಾಫರಿಗೆ ತೋರಿಸಿದೆ. ಅವರು ಮೇಜಿನ ಮೇಲೆ ಅಳತೆಪಟ್ಟಿ ಇಟ್ಟು, ಅದರ ಫೋಟೋ ತೆಗೆದು, ಫೋಕಸ್ ಹಿಂದೆ ಮುಂದೆ ಬಿದ್ದಿದೆಯೇ ಎಂದು ನೋಡಿ ನಕ್ಕರು.

"ಮೇಡಮ್, ಮದಿವ್ಯಾಗ ಅಕ್ಷತಿ ಬೀಳೂಮುಂದ ಕಾಳು ಕಾಳು ಬ್ಯಾರೆ ಬ್ಯಾರೆ ಹಿಡದದ ಇದು. ನಿಮ್ಮೆತ್ತು ಅಕ್ಷತಿಗಿಂತ ಜೋರ ಓಡ್ತದೇನ್ರಿ?"

"ಮತ್ತ ಯಾಕ ಹಿಂಗ?"

ಅವರು ಎತ್ತಿನ ಫೋಟೋಗಳನ್ನು ಒಂದೊಂದಾಗಿ ಸರಿಸಿ ನೋಡಿದರು. ನಗು ಸ್ವಲ್ಪ ಇಳಿಯಿತು. "ಮುಂದ ಯಾರೋ ಅಡ್ಡ ಬಂದ್ರ ಕ್ಯಾಮೆರಾ ಅವರನ್ನ ಹಿಡೀತದ. ಯಾರ ಬಂದಿದ್ರು?"

"ಯಾರೂ ಇಲ್ಲ."

"ಹಂಗಾರ ಧೂಳ ಇರಬೇಕ್ರಿ," ಎಂದು ಕ್ಯಾಮೆರಾ ನನ್ನ ಕಡೆ ಸರಿಸಿ, ಬಂದ ಗಿರಾಕಿಯ ಜೊತೆ ಮಾತಿಗೆ ತೊಡಗಿದರು.

ಧೂಳೇ ಇರಬಹುದು. ಹಾಗಿದ್ದರೆ ಅದಕ್ಕೊಂದು ಪರೀಕ್ಷೆ ಇತ್ತು. ಎರಡನೆಯ ಸಲ ನಾನು ದಾರಿಯ ಇನ್ನೊಂದು ಬದಿಗೆ ಹೋದೆ. ಈಗ ಎತ್ತಿನ ಬಲಮಗ್ಗುಲು ನನ್ನ ಕಡೆ. ಧೂಳೋ ಕ್ಯಾಮೆರಾದ ದೋಷವೋ, ಏನೇ ಆಗಿದ್ದರೂ ಫೋಕಸ್ ಮತ್ತೆ ಎತ್ತಿಗಿಂತ ಈಚೆಗೆ, ನನ್ನ ಕಡೆಗೇ ಬೀಳಬೇಕು. ಅಪ್ಪ ಓಡಿಸಿದ. ಈ ಸಲ ಹಲ್ಲು ಕಚ್ಚಿ ಓಡಿಸಿದ, ಕೂಗಲಿಲ್ಲ. ನಾನು ಫೋಕಸ್ ಚುಕ್ಕಿಯನ್ನು ಎತ್ತಿನ ಹೆಗಲ ಮೇಲಿಟ್ಟು ಬಿಡದೆ ಒತ್ತಿದೆ.

ಬೇವಿನ ನೆರಳಿನಲ್ಲಿ ಕುಳಿತು ಅಲ್ಲೇ ನೋಡಿದೆ. ಫೋಕಸ್ ಆಚೆಗೆ ಬಿದ್ದಿತ್ತು. ಅಷ್ಟು ದೊಡ್ಡ ಎತ್ತು ಚೌಕಟ್ಟಿನ ತುಂಬ ಅಡ್ಡ ನಿಂತಿದೆ, ಕ್ಯಾಮೆರಾ ಅದನ್ನು ದಾಟಿ, ಅದರ ಕಾಲುಗಳ ಸಂದಿನಿಂದ ಕಾಣುವ ಆಚೆಯ ನೆಲವನ್ನು ಹಿಡಿದಿದೆ. ಅಲ್ಲಿಯ ಹರಳುಗಳು ಸ್ಪಷ್ಟ, ಎದ್ದ ಮಣ್ಣು ಸ್ಪಷ್ಟ.

ಎಡಗಡೆ ಕುಳಿತರೆ ಈಚೆಗೆ. ಬಲಗಡೆ ಕುಳಿತರೆ ಆಚೆಗೆ. ದೋಷವಾಗಿದ್ದರೆ ಒಂದೇ ಕಡೆಗೆ ತಪ್ಪಬೇಕಿತ್ತು. ಕ್ಯಾಮೆರಾ ತಪ್ಪುತ್ತಿರಲಿಲ್ಲ. ಎರಡು ಬದಿಯಿಂದಲೂ ಅದು ತೋರಿಸುತ್ತಿದ್ದ ಜಾಗ ಒಂದೇ, ಬಲದವನ ಎಡಪಕ್ಕ.

ಎದ್ದು ಹೋಗಿ ದಾರಿ ನೋಡಿದೆ. ಬಲದವನ ಗೊರಸಿನ ಗುರುತುಗಳು ದಾರಿಯ ಬಲ ಅಂಚಿಗಷ್ಟೇ ಇದ್ದವು. ಆ ಅಂಚಿಗೆ ಜಾಲಿಮುಳ್ಳು ಚಾಚಿಕೊಂಡಿದೆ. ದಾರಿಯ ನಡುಭಾಗ ಖಾಲಿಯಿದ್ದರೂ ಮುಳ್ಳಿಗೆ ಮೈ ತರಚಿಕೊಂಡು ಓಡಿತ್ತು, ನಡುವಿಗೆ ಬಂದಿರಲಿಲ್ಲ. ನಡುವಿನಲ್ಲಿ ಯಾವ ಹೆಜ್ಜೆಯೂ ಇರಲಿಲ್ಲ. ಬಗ್ಗಿ ನೋಡಿದೆ, ಇರಲಿಲ್ಲ. ಫೋಟೋದಲ್ಲಿ ಸ್ಪಷ್ಟ ಕಂಡಿದ್ದ ಒಂದು ಬಿಳಿ ಕಲ್ಲನ್ನು ಅಲ್ಲಿ ಹುಡುಕಿ, ಅದರಿಂದ ಬಲದವನ ಹೆಜ್ಜೆಯ ತನಕ ಓಡ್ನಿಯ ಸೆರಗಿನಲ್ಲಿ ಅಳತೆ ಹಿಡಿದು ಗಂಟು ಹಾಕಿಕೊಂಡೆ. ಮನೆಗೆ ಹೋಗಿ ಕೊಟ್ಟಿಗೆಯ ಗೋಡೆಗೆ ಒರಗಿಸಿದ್ದ ನೊಗಕ್ಕೆ ಸೆರಗು ಹಿಡಿದೆ. ಒಂದು ಎತ್ತಿನ ಕೊರಳು ಕೂರುವ ಜಾಗದಿಂದ ಇನ್ನೊಂದರ ಜಾಗಕ್ಕೆ ಸರಿಯಾಗಿ ಬಂತು.

ಅವ್ವ ಹಿಂದೆ ಕಣಿಕೆ ಹೊತ್ತು ನಿಂತಿದ್ದಳು. ಬಲದವನ ಮುಂದೆ ಅರ್ಧ ಹಾಕಿದಳು, ಪಕ್ಕದ ಖಾಲಿ ಗೂಟದ ಮುಂದೆ ಇನ್ನರ್ಧ ಹಾಕಿದಳು. ನಾನು ವಾರದ ಕೊನೆಗೆ ಮಾತ್ರ ಊರಿಗೆ ಬರುವವಳು, ಅಲ್ಲಿಯ ತನಕ ಇದನ್ನು ಗಮನಿಸಿರಲಿಲ್ಲ.

"ಅದಕ್ಕ್ಯಾಕ ಹಾಕ್ತಿ?"

"ಕೈ ರೂಢಿ," ಎಂದಳು, ಅಪ್ಪ ಅಂದ ಹಾಗೆಯೇ.

"ಇಂವ ಅದನ್ನೂ ತಿಂತಾನೇನು?"

"ಮುಟ್ಟಂಗಿಲ್ಲ."

"ಮತ್ತ ಸಂಜಿಗೆ ಅಲ್ಲೇ ಬಿದ್ದಿರತದೇನು?"

ಅವ್ವ ಸೀರೆಗೆ ಅಂಟಿದ ಹೊಟ್ಟು ಝಾಡಿಸಿಕೊಂಡಳು. "ಓಣ್ಯಾಗಿನ ಆಡು ಬಂದು ತಿಂತಾವ."

ಕೊಟ್ಟಿಗೆಗೆ ಬಾಗಿಲಿದೆ. ಅದಕ್ಕೆ ಅಗಳಿಯೂ ಇದೆ. ಗೂಟ ತೋರಿಸಿ ಕೇಳಿದೆ: "ಇದನ್ನ್ಯಾಕ ಇನ್ನಾ ಕಿತ್ತಿಲ್ಲ?"

ನಮ್ಮ ಕಡೆ ಎತ್ತು ಸತ್ತರೆ ಹೊಲದಲ್ಲಿ ಹೂಳುತ್ತಾರೆ, ಬಂದು ಅದರ ಗೂಟ ಕೀಳುತ್ತಾರೆ, ಗೂಟದ ಕುಣಿಗೆ ಹಿಡಿ ಜೋಳ ಹಾಕಿ ನೀರು ಬಿಟ್ಟು ಮಣ್ಣು ಮುಚ್ಚುತ್ತಾರೆ. ಆಮೇಲೆ ಆ ಜಾಗಕ್ಕೆ ಬೇರೆ ಎತ್ತು ಬರಬಹುದು.

"ಹೆಣಾ ನೋಡದ ಗೂಟಾ ಕೀಳ್ತಾರೇನು?" ಅಂದಳು ಅವ್ವ. "ನೀ ಓದಿದಾಕಿ, ನೀನಾ ಹೇಳು. ಮಣ್ಣ ಕೊಟ್ಟಿಲ್ಲ, ಏನಿಲ್ಲ. ಗೂಟಾ ಕಿತ್ತರ ಅದು ಎಲ್ಲಿ ನಿಂದರಬೇಕು?"

ನನ್ನ ಓದು ನೆರವಿಗೆ ಬಂದದ್ದು ಫೋಟೋ ತೆಗೆಯುವುದಕ್ಕೆ. ಕ್ಯಾಮೆರಾ ತಾನೇ ಹುಡುಕಿದರೆ ತಾನೇ ಅಲ್ಲಿಗೆ ಹೋಗುತ್ತಿತ್ತು. ಹುಡುಕಲು ಬಿಡಬಾರದು, ಅಷ್ಟೆ. ಆಟೋಫೋಕಸ್ ಬಂದ್ ಮಾಡಿದೆ. ಬಂಡಿದಾರಿಯ ಬಲ ಅಂಚಿನಲ್ಲಿ, ಎತ್ತು ಹಾದುಹೋಗುವ ಕಡೆ ಸುಣ್ಣದಲ್ಲಿ ಒಂದು ಗೆರೆ ಎಳೆದು, ಗೆರೆಯ ಮೇಲೆ ಕೈಯಿಂದಲೇ ಫೋಕಸ್ ತಿರುಗಿಸಿ ಇಟ್ಟುಕೊಂಡೆ. ಎತ್ತು ಗೆರೆಗೆ ಬಂದಾಗ ಒತ್ತಿದೆ. ಒಂದೆರಡು ಸಲ ತಪ್ಪಿತು. ಕೊನೆಗೆ ಬಂತು. ನಾಲ್ಕೂ ಕಾಲು ಸ್ಪಷ್ಟ, ಮುಂಗಾಲಿನ ಮಂಡಿ ನೆಟ್ಟಗೆ, ಗೊರಸು ಪೂರ್ತಿ ನೆಲಕ್ಕೆ. ಎಳೆಯುತ್ತಿರಲಿಲ್ಲ. ಅಪ್ಪ ಫೋಟೋವನ್ನು ಬಹಳ ಹೊತ್ತು ನೋಡಿ, "ಕುಂಟ ಅಂದವರ ಬಾಯಾಗ ಮಣ್ಣ ಹಾಕು," ಎಂದ. ನಾನು ಅವನಿಗೆ ಬೇರೆ ಫೋಟೋಗಳನ್ನು ತೋರಿಸಲಿಲ್ಲ.

ಕಕ್ಕೇರಾದವರು ಮಾತಿಗೆ ತಪ್ಪದವರು. ಕಾರಹುಣ್ಣಿಮೆಯ ಮುಂಚೆ, ಮೋಡ ಕಟ್ಟಿದ ಒಂದು ಬೆಳಗ್ಗೆ, ತಮ್ಮ ಎಡದ ಎತ್ತನ್ನೂ ಟೆಂಪೋದಲ್ಲಿ ಹತ್ತಿಸಿಕೊಂಡು ಬಂದರು. ಬಲದವನ ಬಾಯಿ ತೆರೆದು ಹಲ್ಲು ನೋಡಿದರು, ಕಾಲು ಒತ್ತಿದರು, ಬೆನ್ನು ತಟ್ಟಿದರು.

"ಟೀಚರಬಾಯಿ, ನಿನ್ನ ಫೋಟೋ ಸುಳ್ಳಲ್ಲ ನೋಡು. ಇನ್ನ ಒಂದಾ ಕೆಲಸ. ಎರಡೂ ಕೂಡ್ಸಿ ಹೂಡಿ ನೋಡೂಣು. ಗಂಡಾ ಹೆಣ್ಣಾ ಒಪ್ಪಿದ್ರ ಮದಿವಿ."

ಹೂಡಲಾಗಲಿಲ್ಲ. ಅವರ ಎತ್ತು ಸಾಧು, ತಾಸಿಗೆ ಮುಂಚೆ ನನ್ನ ಕೈಯಿಂದ ರೊಟ್ಟಿ ತಿಂದಿತ್ತು. ಬಲದವನ ಎಡಕ್ಕೆ ತಂದು ನಿಲ್ಲಿಸಲು ಹೋದರೆ ನಾಲ್ಕೂ ಕಾಲು ಊರಿ ಹಿಂದಕ್ಕೆ ಜಗ್ಗಿತು. ಕಿವಿ ಹಿಂದಕ್ಕೆ ಮಡಚಿ, ಮೂಗು ಚಾಚಿ ಆ ಖಾಲಿ ಜಾಗವನ್ನು ಮೂಸಿತು. ನಮ್ಮದು ಅತ್ತ ನೋಡಲೂ ಇಲ್ಲ, ಮೆಲುಕು ಹಾಕುತ್ತ ತನ್ನ ಅಂತರ ಬಿಟ್ಟು ನಿಂತಿತ್ತು. ಜನ ತುಂಬಿದ ಬಸ್ಸಿನಲ್ಲಿ ಯಾರೋ ಕುಳಿತ ಸೀಟಿನ ಮುಂದೆ ನಿಂತವರಂತೆ ಅವರ ಎತ್ತು ನಿಂತುಕೊಂಡಿತು. ಹೊಡೆದರು, ರಮಿಸಿದರು, ಸುತ್ತು ಹಾಕಿಸಿ ತಂದರು. ಆಗಲಿಲ್ಲ.

ಅವರು ನೊಗ ಕೆಳಗಿಟ್ಟರು. "ಎತ್ತು ಚಲೋ ಅದ ಮಾರಾಯ. ಖರೇ ಹೇಳ್ತೇನಿ, ನನ್ನ ಮನಸ್ಸೂ ಅದ. ಆದ್ರ ಜೋಡಿ ಕೂಡವಲ್ದು. ಕೂಡಲಾರದ್ದ ಒಯ್ದು ಏನ ಮಾಡ್ಲಿ? ನೀ ಬ್ಯಾರೆ ಹಾದಿ ನೋಡ್ಕೊ."

ಬೇರೆ ಹಾದಿ ಯಾವುದೆಂದು ನಮ್ಮೆಲ್ಲರಿಗೂ ಗೊತ್ತಿತ್ತು. ವ್ಯಾಪಾರಿ ಬರುವ ವಾರವೇ ಅದು.

ಅಪ್ಪ ಅವ್ವನ ಮುಖ ನೋಡಿದ. ಅವ್ವ ನೆಲ ನೋಡಿದಳು. ನಾನು ಬಾಯಿ ತೆರೆಯುವಷ್ಟರಲ್ಲಿ ಅಪ್ಪ, "ಒಂದೀಟು ತಡೀರಿ ಅಣ್ಣಾರ," ಎಂದು ಕೊಟ್ಟಿಗೆಯೊಳಗೆ ಹೋದ.

ಬಹಳ ಹೊತ್ತು ಒಳಗಿಂದ ಗುದ್ದಲಿಯ ಸಪ್ಪಳ ಬಂತು. ನಾನು ಬಾಗಿಲಲ್ಲಿ ನಿಂತೆ. ಎಡದ ಗೂಟ ಮಣ್ಣಿಗೆ ಕಚ್ಚಿಕೊಂಡಿತ್ತು. ಅಪ್ಪ ಮಂಡಿಯೂರಿ ಅದನ್ನು ಅಪ್ಪಿ ಹಿಡಿದು ಅತ್ತಿತ್ತ ಅಲುಗಿಸುತ್ತಿದ್ದ. "ಸಾಕ ಬಿಡಪಾ," ಅನ್ನುತ್ತಿದ್ದ ಸಣ್ಣ ದನಿಯಲ್ಲಿ. "ಅಂವ ಉಳೀಲಿ. ನೀ ಅಂವನ ಬಿಡು." ಗೂಟ ಬಂದಾಗ ಅಪ್ಪ ಹಿಂದಕ್ಕೆ ಬಿದ್ದ. ಅವ್ವ ಕುಣಿಗೆ ಜೋಳ ಹಾಕಿದಳು, ತಂಬಿಗೆಯಿಂದ ನೀರು ಬಿಟ್ಟಳು. ನೀರು ಕೂಡಲೇ ಇಂಗಲಿಲ್ಲ, ಕುಣಿಯ ಬಾಯಿಗೆ ತುಂಬಿ ನಿಂತು ತಿರುಗುತ್ತಿತ್ತು. ಆಮೇಲೆ ಒಮ್ಮೆಲೇ ಒಳಗೆ ಹೋಯಿತು. ಮಣ್ಣು ಮುಚ್ಚಿದರು.

ಹೊರಗೆ ಬಲದವನು ಮೆಲುಕು ನಿಲ್ಲಿಸಿದ್ದ. ತಲೆ ಎತ್ತಿ, ಎಂದೂ ನೋಡದವನು ತನ್ನ ಎಡಕ್ಕೆ ತಿರುಗಿ ನೋಡಿದ. ಆಮೇಲೆ ಒಂದು ಹೆಜ್ಜೆ ಎಡಕ್ಕೆ ಸರಿದ. ಅವರ ಎತ್ತು ತಾನಾಗಿಯೇ ಬಂದು ನೊಗಕ್ಕೆ ಕೊರಳು ಕೊಟ್ಟಿತು.

"ಏನ ಮಂತ್ರಾ ಹಾಕಿದ್ಯೋ ಮಾರಾಯ!" ಎಂದರು ಕಕ್ಕೇರಾದವರು.

"ಗೂಟಾ ಕಿತ್ತೆರಿ," ಎಂದ ಅಪ್ಪ.

ಬಂಡಿದಾರಿಯಲ್ಲಿ ಜೋಡಿಯನ್ನು ಓಡಿಸಿದರು. ನಾನು ದಾರಿಯ ಬಲಬದಿಗೆ ಕುಳಿತು ಆಟೋಫೋಕಸ್ ಮತ್ತೆ ಹಾಕಿದೆ, ಬೇಕೆಂದೇ ಹಾಕಿದೆ. ಒತ್ತುತ್ತ ಹೋದೆ. ಪ್ರತಿ ಫೋಟೋದಲ್ಲೂ ಬಲದವನು ಸ್ಪಷ್ಟ. ಕಣ್ಣು, ರೆಪ್ಪೆ, ಹೆಗಲ ಮೇಲಿನ ಜಾಲಿ ತರಚಿದ ಗೆರೆಗಳು, ಎಲ್ಲವೂ ಸ್ಪಷ್ಟ. ನಿಯಮ ತನ್ನ ಜಾಗಕ್ಕೆ ಬಂದು ಕೂತಿತೆಂದುಕೊಂಡೆ.

ಕಕ್ಕೇರಾದವರ ಟೆಂಪೋ ಸೇತುವೆಯ ಹತ್ತಿರ ನಿಂತಿತ್ತು. ಅಪ್ಪನೇ ಕೈಯಾರೆ ಎತ್ತನ್ನು ಹತ್ತಿಸಿ, ಹಗ್ಗ ಬಿಗಿದು, ಅದರ ಕೊರಳಿನ ಗಂಗೆದೊಗಲು ಸವರಿದ. ಟೆಂಪೋ ಹೊರಟು ಸುರಪುರದ ರಸ್ತೆಗೆ ತಿರುಗುವ ತನಕ ನಿಂತಿದ್ದ. ನಾನು ಬೇವಿನ ಕೆಳಗೆ ಇದ್ದೆ. ಮಳೆಗೆ ಮುಂಚಿನ ಒಂದು ಥರದ ಹಳದಿ ಬೆಳಕು. ಒಣ ಕಾಲುವೆಯ ಗುಂಟ ಅಪ್ಪ ತಿರುಗಿ ಬರುತ್ತಿದ್ದ. ಎತ್ತು ಉಳಿಸಿದವನ ಒಂದು ಫೋಟೋ ಇರಲಿ ಎಂದು ಕ್ಯಾಮೆರಾ ಎತ್ತಿದೆ.

ಅಪ್ಪ ಬಾರುಕೋಲು ಹೆಗಲ ಮೇಲಿಟ್ಟುಕೊಂಡು ಬರುತ್ತಿದ್ದ. ಫೋಕಸ್ ಚುಕ್ಕಿ ಅವನ ಎದೆಯ ಮೇಲಿತ್ತು. ಲೆನ್ಸು ಒಳಗೆ ಸಣ್ಣಗೆ ಗಿರಗಿರ ಎಂದಿತು. ಅಪ್ಪ ಸ್ಪಷ್ಟವಾದ. ಆಮೇಲೆ ಯಾರೋ ಮುಂದೆ ಬಂದಂತೆ ಲೆನ್ಸು ಮತ್ತೆ ತಿರುಗಿ, ಅಪ್ಪ ಮಸುಕಾದ, ಅವನ ಮುಂದಿನ ಖಾಲಿ ನೆಲ ಒಂದೊಂದು ಹರಳಾಗಿ ಎದ್ದು ಬಂತು. ಅಪ್ಪ ಒಂದು ಹೆಜ್ಜೆ ಇಟ್ಟಂತೆ ಆ ಸ್ಪಷ್ಟ ಪಟ್ಟಿಯೂ ಒಂದು ಹೆಜ್ಜೆ ನನ್ನ ಕಡೆ ಬಂತು. ಎತ್ತಿನ ಹಿಂದೆ ನಡೆಯುವ ಒಕ್ಕಲಿಗ ಬಿಡುವಷ್ಟೇ ಅಂತರ.

ನಾನು ಬಟನ್ ಪೂರ್ತಿ ಒತ್ತಲಿಲ್ಲ.

ಅವರು ನನ್ನ ಹತ್ತಿರ ಬಂದರು. ಅವರು ಎಂದು ಯಾಕೆ ಬರೆದೆನೋ, ಬಂದದ್ದು ಅಪ್ಪ ಒಬ್ಬನೇ. "ನಡಿಯವ್ವಾ, ಮಳಿ ಬಂತು," ಎಂದ.

ಬಲದವನು ಈಗಲೂ ಕಕ್ಕೇರಾದಲ್ಲಿ ಚೆನ್ನಾಗಿದ್ದಾನೆ, ಹೋಗಿ ನೋಡಿ ಬಂದಿದ್ದೇನೆ. ನಮ್ಮ ಹೊಲಕ್ಕೆ ಟ್ರ್ಯಾಕ್ಟರ್ ಬರುತ್ತದೆ, ಕೊಟ್ಟಿಗೆಯಲ್ಲಿ ಗೂಟವೇ ಇಲ್ಲ. ಅಪ್ಪ ಬಾರುಕೋಲು ಬಿಟ್ಟಿಲ್ಲ. ಹೊಲಕ್ಕೆ ಹೋಗುವಾಗ ಎಡಕ್ಕೊಂದು ಕಲ್ಲೋ ತಗ್ಗೋ ಬಂದರೆ, ಮುಂದೆ ನಡೆಯುವ ಎತ್ತಿಗೆ ತೋರಿಸುವವನಂತೆ ಕೋಲನ್ನು ಅತ್ತ ಚಾಚುತ್ತಾನೆ. ಕಾಲುವೆಗೆ ನೀರು ಬಿಟ್ಟ ದಿನಗಳಲ್ಲಿ ದಂಡೆಯ ದಾರಿ ಬಿಟ್ಟು ಸುತ್ತುಹಾಕಿ ಹೋಗುತ್ತಾನೆ. ನನ್ನ ಕ್ಯಾಮೆರಾಕ್ಕೆ ಯಾವ ದೋಷವೂ ಇಲ್ಲ. ಆದರೆ ಅಪ್ಪ ಆ ದಾರಿಯಲ್ಲಿ ನಡೆದು ಬರುವಾಗ ಫೋಟೋ ತೆಗೆಯುವುದಿದ್ದರೆ ನಾನು ಆಟೋಫೋಕಸ್ ಬಂದ್ ಮಾಡಿ ಕೈಯಿಂದಲೇ ತಿರುಗಿಸುತ್ತೇನೆ.